ಹಿರಿಯರಿಗೆ ಮೆಗ್ನೀಸಿಯಂ ಮಾತ್ರೆ: ಬಾಟಲಿಯ ಸೀಲ್ ಒಡೆಯುವ ಮೊದಲು

ಉಡುಪಿಯಲ್ಲಿ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೆಲಸ ಮಾಡುವವಳು ನಾನು. ಈಚೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಬಂದವರು ಚೀಲದಿಂದ ಒಂದು ಬಾಟಲಿ ತೆಗೆದು ಮುಂದೆ ಇಡುತ್ತಾರೆ. "ಮಗ ಮಸ್ಕತ್‌ನಿಂದ ತಂದದ್ದು. ರಾತ್ರಿ ಕಾಲು ಹಿಡಿಯುವುದಕ್ಕೆ ಒಳ್ಳೆಯದಂತೆ. ತೆಗೆದುಕೊಳ್ಳಬಹುದಾ ಅಕ್ಕ?" ಬಾಟಲಿ ಮೇಲೆ ಮೆಗ್ನೀಸಿಯಂ ಎಂದು ಬರೆದಿರುತ್ತದೆ. ಕೇಳುವವರಿಗೆ ಅರುವತ್ತೈದೋ ಎಪ್ಪತ್ತೈದೋ ಆಗಿರುತ್ತದೆ. ಅದೇ ಚೀಲದಲ್ಲಿ ಬಿಪಿ ಮಾತ್ರೆ, ಶುಗರ್ ಮಾತ್ರೆ, ಗ್ಯಾಸಿನ ಮಾತ್ರೆ ಎಲ್ಲ ಇರುತ್ತದೆ.

ಕೌಂಟರಿನಲ್ಲಿ ನಿಂತು ಎರಡು ನಿಮಿಷದಲ್ಲಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕಿಡ್ನಿ ಚೆನ್ನಾಗಿದ್ದರೆ, ಪ್ರಮಾಣ ಕಡಿಮೆ ಇದ್ದರೆ, ಬೇರೆ ಮದ್ದುಗಳಿಗೆ ಅಡ್ಡ ಬಾರದಿದ್ದರೆ ಹೆಚ್ಚಿನವರಿಗೆ ಇದರಿಂದ ತೊಂದರೆ ಆಗುವುದಿಲ್ಲ. ಈ ಮೂರನ್ನೂ ನೋಡದೆ ಶುರು ಮಾಡಿದಾಗಲೇ ಕಷ್ಟ ಬರುವುದು. ನೋಡುವುದು ಹೇಗೆ ಎಂದು ಒಂದೊಂದಾಗಿ ಹೇಳುತ್ತೇನೆ. ಡಾಕ್ಟರನ್ನು ಬಿಟ್ಟು ಇದನ್ನು ಓದಿ ಅಂತ ಅಲ್ಲ. ಡಾಕ್ಟರ ಹತ್ತಿರ ಹೋಗುವಾಗ ಕೈಯಲ್ಲಿ ಸರಿಯಾದ ಮಾಹಿತಿ ಇರಲಿ ಅಂತ.

ಮೊದಲು ಮೆಗ್ನೀಸಿಯಂ ಬಗ್ಗೆ ನಾಲ್ಕು ಮಾತು. ಅದು ಕ್ಯಾಲ್ಸಿಯಂ, ಕಬ್ಬಿಣದ ಹಾಗೆ ಒಂದು ಖನಿಜ. ದೊಡ್ಡವರ ಮೈಯಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಎಲುಬಿನಲ್ಲಿ, ಉಳಿದದ್ದರಲ್ಲಿ ಹೆಚ್ಚಿನದು ಸ್ನಾಯು ಮತ್ತು ಇತರ ಅಂಗಗಳಲ್ಲಿ. ಸ್ನಾಯು ಬಿಗಿದು ಸಡಿಲವಾಗುವುದಕ್ಕೆ, ನರಗಳ ಕೆಲಸಕ್ಕೆ, ಹೃದಯದ ಬಡಿತಕ್ಕೆ ಇದು ಬೇಕೇ ಬೇಕು. ಜಾಸ್ತಿಯಾದದ್ದನ್ನು ಹೊರಗೆ ಹಾಕುವ ಕೆಲಸ ಕಿಡ್ನಿಯದ್ದು. ವಯಸ್ಸಾದಂತೆ ಕಿಡ್ನಿಯ ಕೆಲಸ ನಿಧಾನವಾಗುತ್ತದೆ. ಇಪ್ಪತ್ತೈದರ ಮಗನಿಗೆ ಏನೂ ಮಾಡದ ಮಾತ್ರೆ ಎಪ್ಪತ್ತೈದರ ಅಜ್ಜಿಗೆ ಭಾರವಾಗುವುದು ಇದೇ ಕಾರಣಕ್ಕೆ.

ಶುರು ಮಾಡುವ ಮೊದಲು ಇಷ್ಟು ಒಟ್ಟು ಮಾಡಿಕೊಳ್ಳಿ: ಕಿಡ್ನಿಯ ರಕ್ತಪರೀಕ್ಷೆಯ ಹೊಸ ರಿಪೋರ್ಟ್, ಮನೆಯಲ್ಲಿರುವ ಎಲ್ಲ ಮದ್ದು, ಆ ಮೆಗ್ನೀಸಿಯಂ ಬಾಟಲಿ, ಒಂದು ಕಾಗದ, ಪೆನ್ನು, ಓದುವ ಕನ್ನಡಕ.

1. ಯಾಕೆ ಬೇಕು ಎಂದು ಕೇಳಿಕೊಳ್ಳಿ

"ಎಲ್ಲರೂ ತೆಗೆದುಕೊಳ್ಳುತ್ತಾರೆ" ಎನ್ನುವುದು ಕಾರಣ ಅಲ್ಲ. ನನ್ನ ಹತ್ತಿರ ಬರುವವರು ಹೇಳುವ ಕಾರಣ ಸಾಮಾನ್ಯವಾಗಿ ಮೂರು: ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ನಿದ್ದೆ ಬಾರದಿರುವುದು, ಹೊಟ್ಟೆ ಸರಿಯಾಗಿ ಹೋಗದಿರುವುದು.

ಮೀನಖಂಡದ ಸೆಳೆತಕ್ಕೆ ಮೆಗ್ನೀಸಿಯಂ ಒಳ್ಳೆಯದು ಅಂತ ಎಲ್ಲ ಕಡೆ ಹೇಳುತ್ತಾರೆ. ಆದರೆ ಈ ಬಗ್ಗೆ ಆದ ಪರೀಕ್ಷೆಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ ಕಾಕ್ರೇನ್ ಸಂಸ್ಥೆಯ 2020ರ ವರದಿ ಹೇಳುವುದು ಬೇರೆ. ವಯಸ್ಸಾದವರ ಸೆಳೆತ ಇದರಿಂದ ಗಮನಕ್ಕೆ ಬರುವಷ್ಟು ಕಡಿಮೆಯಾಗುವ ಸಾಧ್ಯತೆ ಕಡಿಮೆ ಎಂದೇ ಅದು ಹೇಳುತ್ತದೆ. ಸೆಳೆತಕ್ಕೆ ಬೇರೆ ಕಾರಣ ತುಂಬಾ ಇವೆ. ಮೂತ್ರ ಜಾಸ್ತಿ ಹೋಗಿಸುವ ಬಿಪಿ ಮಾತ್ರೆ ಇರಬಹುದು. ಏಪ್ರಿಲ್, ಮೇ ತಿಂಗಳ ನಮ್ಮ ಬೆವರಿನಲ್ಲಿ ನೀರು, ಉಪ್ಪು ಕಳೆದುಕೊಂಡದ್ದಿರಬಹುದು. ಶುಗರಿನಿಂದ ನರಕ್ಕೆ ಆದ ತೊಂದರೆ ಇರಬಹುದು. ಮಾತ್ರೆಗಿಂತ ಮೊದಲು ಒಂದು ಕೆಲಸ ಮಾಡಿ ನೋಡಿ. ಮಲಗುವ ಮುಂಚೆ ಗೋಡೆಗೆ ಎರಡೂ ಕೈ ಊರಿ, ಒಂದು ಕಾಲನ್ನು ಹಿಂದೆ ಚಾಚಿ, ಹಿಮ್ಮಡಿ ನೆಲಕ್ಕೆ ತಾಗಿಸಿಯೇ ನಿಧಾನಕ್ಕೆ ಮುಂದೆ ಬಾಗಿ. ಮೀನಖಂಡ ಎಳೆದ ಹಾಗಾಗಬೇಕು, ನೋಯಬಾರದು. ಪ್ರತಿ ಕಾಲಿಗೆ ಮೂರು ಸಲ ಸಾಕು. ಬೀಳುವ ಹೆದರಿಕೆ ಇದ್ದವರು ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿಕೊಳ್ಳಿ.

ನಿದ್ದೆಗೆ ಸಹಾಯವಾಗುತ್ತದೆ ಎನ್ನುವುದಕ್ಕೆ ಆಧಾರ ಗಟ್ಟಿಯಾಗಿಲ್ಲ. ಕೆಲವರಿಗೆ ಅನುಕೂಲ ಆದದ್ದುಂಟು, ಅಷ್ಟೇ.

ಮಲಬದ್ಧತೆಗೆ ಮಾತ್ರ ಖಂಡಿತ ಕೆಲಸ ಮಾಡುತ್ತದೆ. ಮೆಗ್ನೀಸಿಯಂ ಕರುಳಿನೊಳಗೆ ನೀರು ಎಳೆದು ಮಲವನ್ನು ಮೆತ್ತಗೆ ಮಾಡುತ್ತದೆ. ಆದರೆ ನನಗೆ ಜಾಸ್ತಿ ಹೆದರಿಕೆ ಇರುವುದು ಈ ಗುಂಪಿನ ಬಗ್ಗೆಯೇ. ಯಾಕೆ ಎಂದು ಮುಂದೆ ಹೇಳುತ್ತೇನೆ.

ನಿಜವಾಗಿ ಮೆಗ್ನೀಸಿಯಂ ಕಡಿಮೆಯಾಗುವವರೂ ಇದ್ದಾರೆ. ವರ್ಷಕ್ಕಿಂತ ಜಾಸ್ತಿ ಕಾಲ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸಿನ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಹೀಗಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿತ್ತು. ಫ್ಯುರೋಸೆಮೈಡ್, ಹೈಡ್ರೋಕ್ಲೋರೋಥಯಜೈಡ್‌ನಂಥ ಮೂತ್ರದ ಮಾತ್ರೆ, ಹತೋಟಿಗೆ ಬಾರದ ಶುಗರ್, ವಾರಗಟ್ಟಲೆ ಭೇದಿ, ದಿನಾ ಕುಡಿಯುವ ಅಭ್ಯಾಸ ಇವೂ ಕಾರಣ. ಇಂಥವರಿಗೆ ಅದು ಚಿಕಿತ್ಸೆ. ಎಷ್ಟು, ಎಷ್ಟು ದಿನ ಎಂದು ಡಾಕ್ಟರೇ ಹೇಳಬೇಕು.

2. ಕಿಡ್ನಿ ರಿಪೋರ್ಟ್ ನೋಡಿ

ಇದೊಂದು ಹೆಜ್ಜೆಯನ್ನು ಮಾತ್ರ ಬಿಡಲೇಬೇಡಿ.

ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಎಂಬ ಸಾಲು ಇರುತ್ತದೆ. ಸ್ನಾಯುಗಳಿಂದ ಬರುವ ಒಂದು ಕಸ ಅದು. ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಕಿಡ್ನಿ ಸೋತರೆ ರಕ್ತದಲ್ಲಿ ಅದರ ಅಂಕಿ ಏರುತ್ತದೆ. ಪಕ್ಕದಲ್ಲಿ ನಾರ್ಮಲ್ ಎಂದು ಅಚ್ಚಾಗಿದ್ದರೆ ನಾವು ನಿರಾಳವಾಗುತ್ತೇವೆ ಅಲ್ವಾ? ವಯಸ್ಸಾದವರ ವಿಷಯದಲ್ಲಿ ಹಾಗೆ ನಿರಾಳವಾಗುವ ಹಾಗಿಲ್ಲ. ಮೈಯಲ್ಲಿ ಸ್ನಾಯು ಇಳಿದಿರುವವರಿಗೆ ಕಸವೇ ಕಡಿಮೆ. ಕಿಡ್ನಿ ಸೋತಿದ್ದರೂ ಅಂಕಿ ದೊಡ್ಡದಾಗಿ ಕಾಣುವುದಿಲ್ಲ.

ಹಾಗಾಗಿ ಇಜಿಎಫ್‌ಆರ್ ಎಂಬ ಇನ್ನೊಂದು ಅಂಕಿ ಹುಡುಕಿ. ಕಿಡ್ನಿ ಒಂದು ನಿಮಿಷಕ್ಕೆ ಎಷ್ಟು ರಕ್ತ ಸೋಸುತ್ತದೆ ಎಂಬ ಅಂದಾಜು ಅದು. ಕ್ರಿಯಾಟಿನಿನ್ ಜೊತೆ ವಯಸ್ಸು, ಹೆಣ್ಣೋ ಗಂಡೋ ಎಂಬುದನ್ನು ಸೇರಿಸಿ ಲೆಕ್ಕ ಹಾಕುತ್ತಾರೆ. ಒಂದು ಉದಾಹರಣೆ ನೋಡಿ. ಮೂವತ್ತು ವರ್ಷದ ಹುಡುಗನ ಕ್ರಿಯಾಟಿನಿನ್ 1.1 ಇದ್ದರೆ ಅವನ ಇಜಿಎಫ್‌ಆರ್ ಸುಮಾರು 92 ಬರುತ್ತದೆ. ಎಪ್ಪತ್ತೈದು ವರ್ಷದ ಅಜ್ಜಿಗೂ ಅದೇ 1.1 ಇದ್ದರೆ, ಈಗ ಬಳಕೆಯಲ್ಲಿರುವ 2021ರ ಸೂತ್ರದ ಪ್ರಕಾರ, ಸುಮಾರು 52. ರಿಪೋರ್ಟಿನ ಅಂಕಿ ಒಂದೇ, ಕಿಡ್ನಿಯ ಶಕ್ತಿ ಮಾತ್ರ ಬೇರೆ ಬೇರೆ.

ಇಜಿಎಫ್‌ಆರ್ 60ಕ್ಕಿಂತ ಮೇಲೆ ಇದ್ದರೆ ಕಡಿಮೆ ಪ್ರಮಾಣದ ಮೆಗ್ನೀಸಿಯಂ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. 30ರಿಂದ 60ರ ನಡುವೆ ಇದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. 30ಕ್ಕಿಂತ ಕಡಿಮೆ ಇದ್ದರೆ, ಡಯಾಲಿಸಿಸ್ ಆಗುತ್ತಿದ್ದರೆ, ಬೇಡವೇ ಬೇಡ. ಹೊಟ್ಟೆ ಹೋಗಲಿ ಎಂದು ಕುಡಿಯುವ, ಮೆಗ್ನೀಸಿಯಂ ಇರುವ ಸಿರಪ್ ಕೂಡ ಬೇಡ.

ರಿಪೋರ್ಟಿನಲ್ಲಿ ಇಜಿಎಫ್‌ಆರ್ ಇಲ್ಲದಿದ್ದರೆ ಲ್ಯಾಬಿನಲ್ಲಿ ಕೇಳಿ. ಕ್ರಿಯಾಟಿನಿನ್ ಅಂಕಿ ಇದ್ದರೆ ಡಾಕ್ಟರೇ ಲೆಕ್ಕ ಹಾಕಿ ಹೇಳುತ್ತಾರೆ. ಆದರೆ ಎರಡು ವರ್ಷ ಹಿಂದಿನ ರಿಪೋರ್ಟ್ ಹಿಡಿದುಕೊಂಡು ಬರಬೇಡಿ. ಆರು ತಿಂಗಳ ಒಳಗಿನದಾಗಿರಲಿ. ನಡುವೆ ಜೋರು ವಾಂತಿ ಭೇದಿ ಆಗಿದ್ದರೆ, ಮಂಡಿ ನೋವಿಗೆ ಅಂತ ನೋವಿನ ಮಾತ್ರೆಯನ್ನು ದಿನಾ ನುಂಗಿದ್ದರೆ ಹೊಸದಾಗಿ ಮಾಡಿಸಿ. ಇವೆರಡೂ ಕಿಡ್ನಿಯನ್ನು ತಗ್ಗಿಸುತ್ತವೆ.

ಇಲ್ಲಿ ಹಲವರು ಇನ್ನೊಂದು ಕಡೆ ಎಡವುತ್ತಾರೆ. "ರಕ್ತದಲ್ಲಿ ಮೆಗ್ನೀಸಿಯಂ ನೋಡಿಸಿದೆ, ನಾರ್ಮಲ್ ಇದೆ, ಹಾಗಾದರೆ ಬೇಡ ಅಲ್ವಾ" ಎಂದು ಕೇಳುತ್ತಾರೆ. ರಕ್ತದ ದ್ರವಭಾಗದಲ್ಲಿ ಇರುವುದು ಮೈಯ ಒಟ್ಟು ಮೆಗ್ನೀಸಿಯಂನ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಆ ಅಂಕಿ ಸಾಮಾನ್ಯವಾಗಿ 1.7ರಿಂದ 2.2ರ ಒಳಗೆ ಇರುತ್ತದೆ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಆಚೀಚೆ ಆಗುತ್ತದೆ. ನಾರ್ಮಲ್ ಬಂದರೂ ಒಳಗೆ ಕೊರತೆ ಇರಬಹುದು. ಆದರೆ ಜಾಸ್ತಿಯಾಗಿದೆಯಾ ಎಂದು ತಿಳಿಯುವುದಕ್ಕೆ ಈ ಪರೀಕ್ಷೆ ತುಂಬಾ ಒಳ್ಳೆಯದು.

3. ಮನೆಯ ಮದ್ದನ್ನೆಲ್ಲ ಮೇಜಿನ ಮೇಲೆ ಸುರಿಯಿರಿ

ಎಲ್ಲ ಅಂದರೆ ಎಲ್ಲ. ಫ್ರಿಜ್ಜಿನ ಮೇಲಿನ ಡಬ್ಬಿ, ದೇವರ ಕೋಣೆಯ ಕಪಾಟು, ತಲೆದಿಂಬಿನ ಅಡಿಯ ಸ್ಟ್ರಿಪ್, ಅಡುಗೆಮನೆಯ ಸಿರಪ್. ಡಾಕ್ಟರು ಬರೆದ ಚೀಟಿ ಸಾಲದು. ಚೀಟಿಯಲ್ಲಿ ಇಲ್ಲದ್ದೇ ನಮಗೆ ಈಗ ಬೇಕಾದದ್ದು.

ಮೆಗ್ನೀಸಿಯಂ ಬೇರೆ ಹೆಸರಿನಲ್ಲಿ ಮನೆಯೊಳಗೆ ಮೊದಲೇ ಸೇರಿಕೊಂಡಿರುತ್ತದೆ. ಹೊಟ್ಟೆ ಉರಿಗೆ ಕುಡಿಯುವ ಡೈಜಿನ್, ಜೆಲುಸಿಲ್‌ನಂಥ ಸಿರಪ್ಪುಗಳಲ್ಲಿ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇದೆ. ಹೊಟ್ಟೆ ಹೋಗಲಿ ಎಂದು ರಾತ್ರಿ ಕುಡಿಯುವ ಬಿಳಿ ಸಿರಪ್ಪುಗಳಲ್ಲಿ ಮಿಲ್ಕ್ ಆಫ್ ಮೆಗ್ನೀಷಿಯಾ ಎಂಬ ಹೆಸರಿನಲ್ಲಿ ಅದೇ ವಸ್ತು ಇರುತ್ತದೆ. ಕ್ರಿಮಾಫಿನ್‌ನಲ್ಲೂ ಇದೆ. ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಕೆಲವಕ್ಕೆ ವಿಟಮಿನ್ ಡಿ3 ಜೊತೆಗೆ ಮೆಗ್ನೀಸಿಯಂ, ಜಿಂಕ್ ಸೇರಿಸಿರುತ್ತಾರೆ. ಮಲ್ಟಿವಿಟಮಿನ್‌ನಲ್ಲಿ ಸ್ವಲ್ಪ. ನೀರಿಗೆ ಬೆರೆಸುವ ಎಲೆಕ್ಟ್ರೊಲೈಟ್ ಪುಡಿಗಳಲ್ಲಿ ಕೆಲವದರಲ್ಲಿ ಸ್ವಲ್ಪ.

ಲೆಕ್ಕ ಮಾಡಿದರೆ ವಿಷಯ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. 5 ಮಿಲಿಯಲ್ಲಿ, ಅಂದರೆ ಒಂದು ಟೀ ಚಮಚದಲ್ಲಿ, 400 ಮಿಲಿಗ್ರಾಂ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇರುವ ಸಿರಪ್ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ ನಿಜವಾದ ಮೆಗ್ನೀಸಿಯಂ ಸುಮಾರು 167 ಮಿಲಿಗ್ರಾಂ. ಮೂರು ಚಮಚ ಕುಡಿದರೆ 500. ಡಾಕ್ಟರ ಸಲಹೆ ಇಲ್ಲದೆ ಮಾತ್ರೆ, ಸಿರಪ್ಪುಗಳಿಂದ ದಿನಕ್ಕೆ ಇಷ್ಟನ್ನು ಮೀರಬಾರದು ಎಂದು ಅಮೆರಿಕದವರು ಹಾಕಿದ ಗೆರೆ 350. ಯುರೋಪಿನವರ ಗೆರೆ 250. ಮಗಳು ಕಳಿಸಿದ ಮಾತ್ರೆಯನ್ನು ಬಾಯಿಗೆ ಹಾಕುವ ಮೊದಲೇ ಎರಡೂ ಗೆರೆ ದಾಟಿ ಆಯಿತು!

ಎಪ್ಸಮ್ ಸಾಲ್ಟ್ ಬಗ್ಗೆ ಒಂದು ಮಾತು. ಅದು ಮೆಗ್ನೀಸಿಯಂ ಸಲ್ಫೇಟ್. ಹೊಟ್ಟೆ ಶುದ್ಧಿಗೆ ಎಂದು ನೀರಿಗೆ ಬೆರೆಸಿ ಕುಡಿಯುವವರು ಈಗಲೂ ಇದ್ದಾರೆ. ಹಿರಿಯರು ಹೀಗೆ ಕುಡಿಯುವುದು ನಿಜಕ್ಕೂ ಅಪಾಯ. ಬಿಸಿನೀರಿಗೆ ಹಾಕಿ ಪಾದ ನೆನೆಸುವುದು ಬೇರೆ ವಿಷಯ. ಶುಗರ್ ಇದ್ದು ಪಾದದಲ್ಲಿ ಸ್ಪರ್ಶ ಕಡಿಮೆ ಇದ್ದರೆ ನೀರಿನ ಬಿಸಿಯನ್ನು ಮನೆಯವರು ಕೈ ಹಾಕಿ ನೋಡಲಿ. ಇಲ್ಲದಿದ್ದರೆ ಪಾದ ಸುಟ್ಟರೂ ಗೊತ್ತಾಗುವುದಿಲ್ಲ.

ಕಾಗದದಲ್ಲಿ ಪ್ರತಿ ಮದ್ದಿನ ಹೆಸರು, ಅದರಲ್ಲಿ ಎಷ್ಟು ಮೆಗ್ನೀಸಿಯಂ ಇದೆ, ದಿನಕ್ಕೆ ಎಷ್ಟು ಸಲ ಎಂದು ಬರೆದು ಕೂಡಿಸಿ. ಅಕ್ಷರ ಸಣ್ಣದಾಗಿ ಕಂಡರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ನಿಮ್ಮ ಮೆಡಿಕಲ್‌ನವರಿಗೆ ತೋರಿಸಿದರೂ ಓದಿ ಹೇಳುತ್ತಾರೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

4. ಬಾಟಲಿಯ ಹಿಂಬದಿ ಓದಿ

ಮುಂಬದಿಯ ದೊಡ್ಡ ಅಂಕಿ ನಂಬಬೇಡಿ. ಬಾಟಲಿಯನ್ನು ತಿರುಗಿಸಿ.

ಮೆಗ್ನೀಸಿಯಂ ಒಂಟಿಯಾಗಿ ಮಾತ್ರೆಯಾಗುವುದಿಲ್ಲ. ಇನ್ನೊಂದು ವಸ್ತುವಿನ ಜೊತೆ ಸೇರಿಕೊಂಡಿರುತ್ತದೆ. ಆಕ್ಸೈಡ್, ಸಿಟ್ರೇಟ್, ಗ್ಲೈಸಿನೇಟ್ ಎಂಬ ಹೆಸರುಗಳು ಆ ಜೊತೆಗಾರರದ್ದು. ಒಟ್ಟು ತೂಕದಲ್ಲಿ ಮೆಗ್ನೀಸಿಯಂ ಮಾತ್ರ ಎಷ್ಟು ಎನ್ನುವುದನ್ನು ಎಲಿಮೆಂಟಲ್ ಮೆಗ್ನೀಸಿಯಂ ಎನ್ನುತ್ತಾರೆ. ನಮಗೆ ಬೇಕಾದ ಅಂಕಿ ಅದೊಂದೇ. ಆಕ್ಸೈಡಿನಲ್ಲಿ ನೂರಕ್ಕೆ 60 ಪಾಲು ಮೆಗ್ನೀಸಿಯಂ. ಸಿಟ್ರೇಟ್‌ನಲ್ಲಿ ಸುಮಾರು 16. ಗ್ಲೈಸಿನೇಟ್‌ನಲ್ಲಿ ಸುಮಾರು 14. ಹಾಗಾಗಿ 500 ಮಿಲಿಗ್ರಾಂ ಆಕ್ಸೈಡ್ ಅಂದರೆ 300 ಮಿಲಿಗ್ರಾಂ ಮೆಗ್ನೀಸಿಯಂ. 1000 ಮಿಲಿಗ್ರಾಂ ಗ್ಲೈಸಿನೇಟ್ ಅಂದರೆ ಸುಮಾರು 140. ಅಂಕಿ ದೊಡ್ಡದಿರುವುದರಲ್ಲೇ ಮೆಗ್ನೀಸಿಯಂ ಕಡಿಮೆ!

ಇನ್ನೊಂದು ಗೊಂದಲವನ್ನು ದಿನಾ ನೋಡುತ್ತೇನೆ. ಲೇಬಲಿನಲ್ಲಿ ಎಂ, ಜಿ ಎಂಬ ಎರಡು ಇಂಗ್ಲಿಷ್ ಅಕ್ಷರ ಎರಡು ಕಡೆ ಬರುತ್ತವೆ. ಮೊದಲ ಅಕ್ಷರ ದೊಡ್ಡದಿದ್ದರೆ ಅದು ಮೆಗ್ನೀಸಿಯಂನ ಸಂಕೇತ. ಎರಡೂ ಸಣ್ಣದಿದ್ದರೆ ಮಿಲಿಗ್ರಾಂ.

ಆಮೇಲೆ ಸರ್ವಿಂಗ್ ಸೈಜ್ ನೋಡಿ. ಲೇಬಲಿನ ಅಂಕಿ ಎಷ್ಟು ಮಾತ್ರೆಗೆ ಸೇರಿದ್ದು ಎಂದು ಅಲ್ಲಿ ಬರೆದಿರುತ್ತದೆ. ಒಂದಕ್ಕೇ ಇರಬಹುದು, ಎರಡು ಮೂರಕ್ಕೂ ಇರಬಹುದು. ಅಮೆರಿಕದ ಬಾಟಲಿಯಾದರೆ ಡೈಲಿ ವ್ಯಾಲ್ಯೂ ಎಂಬ ಶೇಕಡಾ ಲೆಕ್ಕವೂ ಇರುತ್ತದೆ. ಅಲ್ಲಿ ಶೇಕಡಾ 100 ಅಂದರೆ 420 ಮಿಲಿಗ್ರಾಂ. ಶೇಕಡಾ 24 ಎಂದಿದ್ದರೆ ಸುಮಾರು 100 ಮಿಲಿಗ್ರಾಂ. "ನೂರಕ್ಕೆ ನೂರು ಉಂಟು, ಒಳ್ಳೆಯದೇ" ಎಂದು ಖುಷಿಪಡಬೇಡಿ. 420 ಎನ್ನುವುದು ಊಟವೂ ಸೇರಿ ಇಡೀ ದಿನಕ್ಕೆ ಬೇಕಾದ ಲೆಕ್ಕ. ಊಟದಲ್ಲಿ ಒಂದಷ್ಟು ಸಿಕ್ಕಿಯೇ ಇರುತ್ತದೆ.

ಯಾವುದು ಒಳ್ಳೆಯದು? ಆಕ್ಸೈಡ್ ಕಡಿಮೆ ಬೆಲೆಯದ್ದು, ಮೈಗೆ ಕಡಿಮೆ ಹತ್ತುತ್ತದೆ, ಭೇದಿ ಜಾಸ್ತಿ ಮಾಡುತ್ತದೆ. ಸಿಟ್ರೇಟ್ ಚೆನ್ನಾಗಿ ಹತ್ತುತ್ತದೆ, ಆದರೆ ಹೊಟ್ಟೆ ಸಡಿಲ ಮಾಡುತ್ತದೆ. ಗ್ಲೈಸಿನೇಟ್ ಹೊಟ್ಟೆಗೆ ಮೃದು ಎನ್ನುತ್ತಾರೆ, ಬೆಲೆ ಹೆಚ್ಚು. ಕಿಡ್ನಿ ಸೋತವರಿಗೆ ಇವುಗಳಲ್ಲಿ ಯಾವುದೂ ಸುರಕ್ಷಿತ ಅಲ್ಲ. "ಇದು ನ್ಯಾಚುರಲ್, ಏನೂ ಆಗುವುದಿಲ್ಲ" ಎನ್ನುವ ಮಾತನ್ನು ಈ ವಿಷಯದಲ್ಲಿ ಕೇಳಲೇಬೇಡಿ.

ಇಲ್ಲಿಯದ್ದೇ ಬಾಟಲಿಯಾದರೆ ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಪೂರಕ ಆಹಾರವಾಗಿ ಮಾರುವ ಬಾಟಲಿಯ ಮೇಲೆ ಔಷಧವಾಗಿ ಬಳಸಲು ಅಲ್ಲ ಎಂದೂ ಇರುತ್ತದೆ. ಕಾನೂನಿನ ಲೆಕ್ಕದಲ್ಲಿ ಅದು ಆಹಾರ, ಮದ್ದಲ್ಲ.

5. ಬೇರೆ ಮದ್ದಿನ ಜೊತೆ ಸಮಯ ಹೊಂದಿಸಿ

ಕೆಲವು ಮದ್ದಿನ ಜೊತೆ ಮೆಗ್ನೀಸಿಯಂ ಹೊಟ್ಟೆಯೊಳಗೇ ಅಂಟಿಕೊಂಡು ಬಿಡುತ್ತದೆ. ಆಗ ಆ ಮದ್ದು ಮೈಗೆ ಹತ್ತುವುದಿಲ್ಲ. ಮಾತ್ರೆ ತಪ್ಪದೆ ನುಂಗಿದ್ದೀರಿ, ಕೆಲಸ ಮಾತ್ರ ಆಗಿಲ್ಲ.

ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಎಲುಬು ಸವೆತಕ್ಕೆ ವಾರಕ್ಕೊಮ್ಮೆ ಬೆಳಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳುವ ಅಲೆಂಡ್ರೋನೇಟ್ ಇದ್ದರೆ ಆ ಬೆಳಗ್ಗೆ ಮೆಗ್ನೀಸಿಯಂ ಮುಟ್ಟಬೇಡಿ. ನರದ ಉರಿಗೆ ಕೊಡುವ ಗ್ಯಾಬಪೆಂಟಿನ್‌ಗೆ ಕನಿಷ್ಠ ಎರಡು ಗಂಟೆ. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್‌ಗಳನ್ನು ಮೆಗ್ನೀಸಿಯಂಗಿಂತ ಎರಡು ಗಂಟೆ ಮೊದಲು ಅಥವಾ ನಾಲ್ಕರಿಂದ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ನಾನಾದರೆ ಇಷ್ಟು ಲೆಕ್ಕ ಇಟ್ಟುಕೊಳ್ಳಿ ಎನ್ನುವುದಿಲ್ಲ. ಆಂಟಿಬಯೋಟಿಕ್ ಮುಗಿಯುವ ತನಕ ನೀವಾಗಿ ಶುರು ಮಾಡಿದ ಮೆಗ್ನೀಸಿಯಂ ನಿಲ್ಲಿಸಿ ಎನ್ನುತ್ತೇನೆ. ಐದಾರು ದಿನ ಬಿಟ್ಟರೆ ಏನೂ ನಷ್ಟ ಇಲ್ಲ. ಮೂತ್ರದ ಸೋಂಕು ವಾಸಿಯಾಗದಿದ್ದರೆ ನಷ್ಟ ಉಂಟು.

ಹೆಚ್ಚಿನವರಿಗೆ ಹೊಂದುವ ಸಮಯ ರಾತ್ರಿ ಊಟ ಆದ ಮೇಲೆ. ಬೆಳಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆ, ತಿಂಡಿಯ ಹೊತ್ತಿಗೆ ಬಿಪಿ ಮತ್ತು ಶುಗರ್, ರಾತ್ರಿ ಎಂಟೂವರೆಗೆ ಮೆಗ್ನೀಸಿಯಂ. ರಾತ್ರಿ ಬೇರೆ ಮದ್ದು ಇದ್ದರೆ ಮಾತ್ರ ಮತ್ತೆ ಕೇಳಿ.

ಇನ್ನು ಕೆಲವರು ಸಮಯ ಹೊಂದಿಸಿದರೆ ಸಾಲದು. ಸ್ಪೈರೊನೊಲ್ಯಾಕ್ಟೋನ್, ಅಮಿಲೊರೈಡ್ ಎಂಬ ಮೂತ್ರದ ಮಾತ್ರೆಗಳು ಮೆಗ್ನೀಸಿಯಂ ಹೊರಗೆ ಹೋಗದ ಹಾಗೆ ಹಿಡಿದಿಡುತ್ತವೆ. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರು, ಹೃದಯದ ಬಡಿತ ನಿಧಾನವಾಗುವ ಬ್ಲಾಕ್ ಇರುವವರು, ಸ್ನಾಯು ಸೋಲುವ ಮಯಸ್ತೇನಿಯಾ ಕಾಯಿಲೆ ಇರುವವರು ಡಾಕ್ಟರು ಹೇಳದೆ ಒಂದು ಮಾತ್ರೆಯನ್ನೂ ತೆಗೆದುಕೊಳ್ಳಬಾರದು.

6. ಸ್ವಲ್ಪದರಲ್ಲಿ ಶುರು ಮಾಡಿ, ನಿಲ್ಲಿಸುವ ದಿನ ಮೊದಲೇ ಬರೆಯಿರಿ

ಎಲ್ಲ ನೋಡಿ ಆಯಿತು, ಡಾಕ್ಟರೂ ಆಗಬಹುದು ಎಂದರು ಅನ್ನಿ. 100 ಮಿಲಿಗ್ರಾಂ ಎಲಿಮೆಂಟಲ್‌ನಿಂದ ಶುರು ಮಾಡಿ. ಒಂದು ವಾರ ಅಷ್ಟೇ ಇರಲಿ. ಹೊಟ್ಟೆ ಸರಿ ಇದ್ದರೆ 200ಕ್ಕೆ ಏರಿಸಬಹುದು. ಹಿರಿಯರಿಗೆ ಯುರೋಪಿನವರ 250ರ ಗೆರೆಯೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಸಿರಪ್ಪು, ಕ್ಯಾಲ್ಸಿಯಂ ಮಾತ್ರೆಯಲ್ಲಿರುವುದನ್ನೂ ಈ 250ರೊಳಗೇ ಸೇರಿಸಿ.

ಗೋಡೆಯ ಕ್ಯಾಲೆಂಡರಿನಲ್ಲಿ ಶುರು ಮಾಡಿದ ದಿನಕ್ಕೆ ಗುರುತು ಹಾಕಿ. ಅಲ್ಲಿಂದ ಆರು ವಾರ ಎಣಿಸಿ ಇನ್ನೊಂದು ಗುರುತು ಹಾಕಿ. ಕಾಲು ಹಿಡಿದ ರಾತ್ರಿಗಳಿಗೆ ಒಂದು ಚುಕ್ಕೆ ಇಡಿ. ಆರು ವಾರದಲ್ಲಿ ಚುಕ್ಕೆ ಕಡಿಮೆಯಾಗದಿದ್ದರೆ ನಿಮಗೆ ಅದು ಉಪಯೋಗವಿಲ್ಲ, ನಿಲ್ಲಿಸಿ. ಅದೇ ಸಮಯದಲ್ಲಿ ಇನ್ನೊಂದು ಹೊಸ ಮಾತ್ರೆ ಶುರು ಮಾಡಬೇಡಿ. ಯಾವುದರಿಂದ ಏನಾಯಿತು ಎಂದು ಮತ್ತೆ ತಿಳಿಯುವುದಿಲ್ಲ.

ಈ ಮಾತ್ರೆಗಳಲ್ಲಿ ಕೆಲವು ತುಂಬಾ ದಪ್ಪ. ನುಂಗಲು ಕಷ್ಟವಾಗುವವರು ಕುಳಿತುಕೊಂಡೇ, ಒಂದು ಲೋಟ ನೀರಿನ ಜೊತೆ ನುಂಗಿ. ಮಲಗಿಕೊಂಡು ನುಂಗಬೇಡಿ. ನಿಧಾನವಾಗಿ ಕರಗುವ ಮಾತ್ರೆ ಎಂದು ಬರೆದಿದ್ದರೆ ಕುಟ್ಟಿ ಪುಡಿ ಮಾಡಬೇಡಿ. ನಮ್ಮ ಮಳೆಗಾಲದಲ್ಲಿ ಬಾಟಲಿಯ ಮುಚ್ಚಳ ಗಟ್ಟಿಯಾಗಿ ಹಾಕಿ, ಒಳಗಿರುವ ತೇವ ಹೀರುವ ಪೊಟ್ಟಣ ಬಿಸಾಡಬೇಡಿ. ಕ್ಯಾಪ್ಸೂಲ್ ಒಂದಕ್ಕೊಂದು ಅಂಟಿದ್ದರೆ ಬಳಸಬೇಡಿ.

7. ಯಾವಾಗ ನಿಲ್ಲಿಸಬೇಕು, ಯಾವಾಗ ಓಡಬೇಕು

ಮೊದಲ ಸೂಚನೆ ಹೊಟ್ಟೆ ಸಡಿಲವಾಗುವುದು. ಆಗ ಪ್ರಮಾಣ ಇಳಿಸಿ ಅಥವಾ ನಿಲ್ಲಿಸಿ. ಜ್ವರ, ವಾಂತಿ, ಭೇದಿ ಇರುವ ದಿನ, ಊಟ ನೀರು ಸರಿಯಾಗಿ ಸೇರದ ದಿನ ಮೆಗ್ನೀಸಿಯಂ ಬೇಡ.

ಮೈಯಲ್ಲಿ ಮೆಗ್ನೀಸಿಯಂ ಜಾಸ್ತಿಯಾದರೆ ಬರುವ ಲಕ್ಷಣಗಳು ವಯಸ್ಸಿನ ಸುಸ್ತಿನ ಹಾಗೆಯೇ ಕಾಣುತ್ತವೆ. ವಾಕರಿಕೆ, ಮುಖ ಬಿಸಿಯಾಗಿ ಕೆಂಪಾಗುವುದು, ಹಗಲಿಡೀ ತೂಕಡಿಕೆ, ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಎದ್ದು ನಿಂತಾಗ ತಲೆ ತಿರುಗುವುದು, ಮೂತ್ರ ಕಟ್ಟುವುದು. ಇನ್ನೂ ಜಾಸ್ತಿಯಾದರೆ ಬಿಪಿ ಇಳಿಯುತ್ತದೆ, ನಾಡಿ ನಿಧಾನವಾಗುತ್ತದೆ, ಮಾತು ಗೊಂದಲವಾಗುತ್ತದೆ, ಉಸಿರಾಟಕ್ಕೆ ತೊಂದರೆಯಾಗುತ್ತದೆ, ಹೃದಯ ನಿಲ್ಲಲೂಬಹುದು. "ವಯಸ್ಸಾಯಿತಲ್ಲ, ಮಲಗಲಿ" ಎಂದು ಮನೆಯವರು ಬಿಟ್ಟುಬಿಡುವುದು ಇಲ್ಲಿಯೇ.

ಮಲಬದ್ಧತೆ ಇರುವವರ ಬಗ್ಗೆ ಹೆದರಿಕೆ ಎಂದಿದ್ದೆನಲ್ಲ. ಕರುಳು ಚಲಿಸದೆ ನಿಂತಿದ್ದರೆ, ಕುಡಿದ ಮೆಗ್ನೀಸಿಯಂ ಹೊರಗೆ ಹೋಗದೆ ಅಲ್ಲೇ ಉಳಿದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಹೊಟ್ಟೆ ಹೋಗಲಿಲ್ಲ ಅಂತ ಇನ್ನೆರಡು ಚಮಚ ಕುಡಿಯುತ್ತಾರೆ. ಮರುದಿನ ಮತ್ತೆ ಕುಡಿಯುತ್ತಾರೆ. ಜಪಾನಿನಲ್ಲಿ ಮಲಬದ್ಧತೆಗೆ ಮೆಗ್ನೀಸಿಯಂ ಆಕ್ಸೈಡ್ ತುಂಬಾ ಬಳಕೆಯಲ್ಲಿದೆ. ಹಿರಿಯರಲ್ಲಿ ಗಂಭೀರ ತೊಂದರೆಗಳು ಕಂಡುಬಂದು ಅಲ್ಲಿನ ಆರೋಗ್ಯ ಇಲಾಖೆ 2015ರಲ್ಲಿ ಎಚ್ಚರಿಕೆಯನ್ನು ಬಿಗಿ ಮಾಡಿತು. ಮೂರು ನಾಲ್ಕು ದಿನ ಹೊಟ್ಟೆ ಹೋಗದೆ, ಉಬ್ಬರಿಸಿ, ವಾಂತಿ ಬರುತ್ತಿದ್ದರೆ ಸಿರಪ್ ಕುಡಿಸಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತೂಕಡಿಕೆ, ನಿಶ್ಶಕ್ತಿ, ಗೊಂದಲ ಕಂಡರೆ ಮೆಗ್ನೀಸಿಯಂ ಇರುವ ಎಲ್ಲವನ್ನೂ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಹೋಗುವಾಗ ಬಾಟಲಿ ಮತ್ತು ಸಿರಪ್ ಚೀಲಕ್ಕೆ ಹಾಕಿಕೊಳ್ಳಿ. "ಇದನ್ನು ತೆಗೆದುಕೊಳ್ಳುತ್ತಿದ್ದರು, ಮೆಗ್ನೀಸಿಯಂ ನೋಡಿ" ಎಂದು ಬಾಯಿಬಿಟ್ಟು ಹೇಳಿ. ರಕ್ತಪರೀಕ್ಷೆಯಲ್ಲಿ ಬೇಗ ತಿಳಿಯುತ್ತದೆ. ಚಿಕಿತ್ಸೆಯೂ ಇದೆ. ಕ್ಯಾಲ್ಸಿಯಂ ಇಂಜೆಕ್ಷನ್, ಡ್ರಿಪ್, ಬೇಕಾದರೆ ಡಯಾಲಿಸಿಸ್.

ದೂರದಲ್ಲಿರುವ ಮಕ್ಕಳಿಗೆ ಒಂದು ಮಾತು. ಅಪ್ಪ ಅಮ್ಮ ಇಬ್ಬರೇ ಇರುವ ಮನೆಗೆ ಬಾಟಲಿ ಕಳಿಸುವ ಮೊದಲು ಅವರ ಇಜಿಎಫ್‌ಆರ್ ಎಷ್ಟು ಎಂದು ಕೇಳಿ, ಲೇಬಲಿನ ಫೋಟೋವನ್ನು ಅವರ ಡಾಕ್ಟರಿಗೆ ತೋರಿಸಲು ಹೇಳಿ. ಆಮೇಲೆ ಕಳಿಸಿ. ದಿನಾ ಚುರುಕಾಗಿ ಮಾತಾಡುವ ಅಮ್ಮ ಫೋನಿನಲ್ಲಿ ಎರಡು ದಿನದಿಂದ ತೂಕಡಿಸುತ್ತಿದ್ದಾರೆ ಅನಿಸಿದರೆ ನೆರೆಮನೆಯವರಿಗೆ ಫೋನ್ ಮಾಡಿ, ಹೋಗಿ ನೋಡಲು ಹೇಳಿ.

ಊಟದಿಂದ ಎಷ್ಟು ಸಿಗುತ್ತದೆ?

ಐವತ್ತು ದಾಟಿದ ಗಂಡಸರಿಗೆ ದಿನಕ್ಕೆ 420, ಹೆಂಗಸರಿಗೆ 320 ಮಿಲಿಗ್ರಾಂ ಬೇಕು ಎನ್ನುವುದು ಅಮೆರಿಕದ ಲೆಕ್ಕ. ನಮ್ಮ ಕರಾವಳಿಯ ಊಟದಲ್ಲಿ ಇದಕ್ಕೆ ದಾರಿ ತುಂಬಾ ಇದೆ. ಪಾಲಿಶ್ ಮಾಡಿದ ಬೆಳ್ತಿಗೆಗಿಂತ ತವುಡು ಉಳಿದಿರುವ ಕೆಂಪು ಕುಚ್ಚಲಕ್ಕಿಯಲ್ಲಿ ಮೆಗ್ನೀಸಿಯಂ ಜಾಸ್ತಿ. ಬೇಯಿಸಿದ ಹೆಸರುಕಾಳು 100 ಗ್ರಾಂನಲ್ಲಿ 50 ಮಿಲಿಗ್ರಾಂ ಹತ್ತಿರ ಇರುತ್ತದೆ. ಒಂದು ಹಿಡಿ ಗೇರುಬೀಜದಲ್ಲಿ, 30 ಗ್ರಾಂ ಅನ್ನಿ, 80ರ ಹತ್ತಿರ. ಹರಿವೆ, ಬಸಳೆ, ಹುರುಳಿ, ಅಲಸಂಡೆ ಬೀಜ, ಎಳ್ಳು ಎಲ್ಲದರಲ್ಲೂ ಇದೆ. ಸೊಪ್ಪು ಬೇಯಿಸಿದ ನೀರು ಚೆಲ್ಲಿದರೆ ಒಂದು ಪಾಲು ಅದರ ಜೊತೆ ಹೋಗುತ್ತದೆ. ಗಸಿ, ಸಾಂಬಾರು ಮಾಡುವ ನಮ್ಮ ಕ್ರಮದಲ್ಲಿ ಆ ನೀರು ತಟ್ಟೆಗೇ ಬರುತ್ತದೆ. ಕಿಡ್ನಿ ಸರಿ ಇದ್ದವರಿಗೆ ಊಟದಲ್ಲಿನ ಮೆಗ್ನೀಸಿಯಂನಿಂದ ಅಪಾಯವಿಲ್ಲ. ಕಿಡ್ನಿ ಕಾಯಿಲೆ ಇರುವವರಿಗೆ ಸೊಪ್ಪು, ಎಳನೀರಿನಲ್ಲಿರುವ ಪೊಟ್ಯಾಸಿಯಂ ಬೇರೆ ತೊಂದರೆ ಕೊಡುವುದರಿಂದ ಅವರು ತಮ್ಮ ಡಾಕ್ಟರು ಹೇಳಿದ ಪಥ್ಯವನ್ನೇ ಪಾಲಿಸಲಿ.

ಇದನ್ನು ಓದುವಾಗ ಬಾಟಲಿ ಆಗಲೇ ಅರ್ಧ ಖಾಲಿಯಾಗಿದ್ದು, ಈಗ ಇಜಿಎಫ್‌ಆರ್ ಕಡಿಮೆ ಎಂದು ತಿಳಿದರೆ ಹೆದರಬೇಡಿ. ನೀವಾಗಿ ಶುರು ಮಾಡಿದ್ದಾದರೆ ಇವತ್ತೇ ನಿಲ್ಲಿಸಬಹುದು. ನಿಧಾನಕ್ಕೆ ಇಳಿಸುತ್ತಾ ಬರಬೇಕಾಗಿಲ್ಲ. ಡಾಕ್ಟರು ಕೊಟ್ಟದ್ದಾದರೆ ಅವರಿಗೆ ಫೋನ್ ಮಾಡಿ ಕೇಳಿ. ಈ ವಾರವೇ ಕ್ರಿಯಾಟಿನಿನ್ ಜೊತೆ ರಕ್ತದ ಮೆಗ್ನೀಸಿಯಂ ಪರೀಕ್ಷೆಯನ್ನೂ ಮಾಡಿಸಿ. ಉಳಿದ ಮಾತ್ರೆ ಹಾಳಾಗುತ್ತದೆ ಅಂತ ಪಕ್ಕದ ಮನೆಯ ಅಜ್ಜನಿಗೆ ಕೊಡಬೇಡಿ. ಅವರ ಕಿಡ್ನಿ ರಿಪೋರ್ಟನ್ನು ನೀವು ನೋಡಿಲ್ಲ.